ಕೋಡಿಂಗ್ ಕಲಿಯಲು ಲ್ಯಾಪ್‌ಟಾಪ್: ಐ7 ಸ್ಟಿಕ್ಕರ್ ನೋಡಿ ಮರುಳಾಗಬೇಡಿ

ನಮಸ್ಕಾರ. ಪಿಯುಸಿ ಮುಗಿಸಿ ಕಂಪ್ಯೂಟರ್ ಸೈನ್ಸ್ ಸೇರುವವರ ಮನೆಯಲ್ಲಿ ಕೇಳಿಬರುವ ಮಾತು: "ಅಪ್ಪಾ, ಕೋಡಿಂಗ್‌ಗೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು." ಸ್ವಲ್ಪ ತಾಳಿ!

ಮೊದಲ ವರ್ಷ ಬರೆಯುವುದು ಸಿ, ಪೈಥಾನ್‌ನ ಚಿಕ್ಕ ಪ್ರೋಗ್ರಾಂಗಳು. ಗ್ರಾಫಿಕ್ಸ್ ಕಾರ್ಡ್‌ಗೆ ಅಲ್ಲಿ ಕೆಲಸವೇ ಇಲ್ಲ. ಮುಂದೆ ಮಷೀನ್ ಲರ್ನಿಂಗ್ ಬಂದರೆ? ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಪುಕ್ಕಟೆ ಸಿಗುತ್ತದೆ. ಮಿತಿ ಇದೆ, ಆದರೆ ಕಲಿಯಲು ಸಾಕು. ಅದೂ ಅಲ್ಲದೆ ಗೇಮಿಂಗ್ ಲ್ಯಾಪ್‌ಟಾಪ್ ಭಾರ ಜಾಸ್ತಿ. ದಿನಾ ಬಸ್ಸಿನಲ್ಲಿ ಹೊರುವವರು ನೀವೇ ಅಲ್ವಾ?

ಆ ದುಡ್ಡನ್ನು ರ‍್ಯಾಮ್‌ಗೆ ಹಾಕಿ. ಶುರುವಿಗೆ 8 ಜಿಬಿ ನಡೆಯುತ್ತದೆ. ಆಂಡ್ರಾಯ್ಡ್ ಸ್ಟುಡಿಯೋ (ಮೊಬೈಲ್ ಆಪ್ ಮಾಡುವ ಸಾಫ್ಟ್‌ವೇರ್), ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಎರಡೂ ತೆರೆದರೆ ಒದ್ದಾಡುತ್ತದೆ, ಆಗ 16 ಬೇಕು. ಆಮೇಲೆ ಹಾಕಿಸೋಣ ಅಂದುಕೊಂಡರೆ, ಖಾಲಿ ಸ್ಲಾಟ್ ಇದೆಯಾ ಅಂತ ಈಗಲೇ ಕೇಳಿ. ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. ಎಸ್ಎಸ್‌ಡಿ (ವೇಗದ ಸ್ಟೋರೇಜ್) ಅಂತೂ ಇರಲೇಬೇಕು. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ನಿಧಾನದ, ಅಗ್ಗದ ಸ್ಟೋರೇಜ್) ಅಂತ ಅಗ್ಗಕ್ಕೆ ಕೊಟ್ಟರೆ ಸುಮ್ನೆ ಎದ್ದು ಬನ್ನಿ.

[ಪರದೆಯ ಮೇಲೆ: ಇಂಟೆಲ್ ಪ್ರಾಸೆಸರ್‌ಗಳು ಐ7-4600ಯು, ಐ3-1215ಯು]

ಬಜೆಟ್ ಕಡಿಮೆಯಾ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿಬಿಟ್ಟ ಲ್ಯಾಪ್‌ಟಾಪ್ ಸಿಗುತ್ತವೆ. ನನ್ನ ಕೇಳಿದರೆ ಹೊಸ ಅಗ್ಗದ್ದಕ್ಕಿಂತ ಇವೇ ವಾಸಿ, ಕೀಬೋರ್ಡ್ ಗಟ್ಟಿಯಾಗಿರುತ್ತದೆ. ಅಂಗಡಿಯವರು "ಐ7 ಸಾರ್!" ಅಂದಕೂಡಲೇ ಜೇಬಿಗೆ ಕೈ ಹಾಕಬೇಡಿ, ಪೂರ್ತಿ ನಂಬರ್ ಕೇಳಿ. 4600ಯು ಅಂದರೆ 4ನೇ ತಲೆಮಾರು, 2013ರದ್ದು. ಹೆಸರಿಗೆ ಐ7, ಒಳಗಿರುವುದು 2 ಕೋರ್ (ಕೆಲಸ ಮಾಡುವ ಘಟಕ). ಐ3-1215ಯು 12ನೇ ತಲೆಮಾರಿನದು, ಅದರಲ್ಲಿ 6 ಕೋರ್! ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಹಳೇದು ಕೊಳ್ಳುವಾಗ ಚಾರ್ಜರ್ ತೆಗೆದು ಹತ್ತು ನಿಮಿಷ ಓಡಿಸಿ. ನೋಟ್‌ಪ್ಯಾಡ್ ತೆರೆದು ಪ್ರತಿ ಕೀ ಒತ್ತಿ. ಹೆಚ್ಚುಕಡಿಮೆ ಪ್ರತಿ ಸಾಲಿಗೂ ಬೇಕಾದ ಸೆಮಿಕೋಲನ್ ಕೀ ಹೋಗಿದ್ದರೆ ಸಿ ಕಲಿತ ಹಾಗೇ!

ಮನೆಯಲ್ಲೇ ಹಳೇ ಲ್ಯಾಪ್‌ಟಾಪ್ ಇದ್ದರೆ ಎಸ್ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ (ಪುಕ್ಕಟೆ ಆಪರೇಟಿಂಗ್ ಸಿಸ್ಟಂ) ಹಾಕಿ ಒಂದು ಸೆಮಿಸ್ಟರ್ ನೋಡಿ. ಜಿಸಿಸಿ (ಸಿ ಕಂಪೈಲರ್), ಪೈಥಾನ್ ಎರಡೂ ಅದರಲ್ಲಿ ಚೆನ್ನಾಗಿ ಓಡುತ್ತವೆ. ಕೊಳ್ಳಲೇಬೇಕು ಅಂದರೆ ಅಂಗಡಿಯವರು ತೋರಿಸಿದ ಪ್ರಾಸೆಸರ್ ನಂಬರ್ ಕಾಮೆಂಟ್‌ನಲ್ಲಿ ಹಾಕಿ, ನೋಡಿ ಹೇಳುತ್ತೇನೆ.