ಜರ್ಮನ್, ಫ್ರೆಂಚ್, ಇಂಗ್ಲಿಷ್: ಎಲ್ಲಿ ‘ನೀನು’, ಎಲ್ಲಿ ‘ನೀವು’?

ಕೇಳುಗರೆಲ್ಲರಿಗೂ ನಮಸ್ಕಾರ. ಓದಿಗೆಂದೋ ಕೆಲಸಕ್ಕೆಂದೋ ಜರ್ಮನಿಗೆ, ಫ್ರಾನ್ಸಿಗೆ ಹೊರಡಲು ಸಿದ್ಧರಾಗುತ್ತಿರುವ ತರುಣ ತರುಣಿಯರಿಗೆ ನಾನು ಈ ಹೊತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು: ಆ ಭಾಷೆಗಳಲ್ಲಿ ಎದುರಿನವರನ್ನು ಮಾತನಾಡಿಸುವ ಕ್ರಮವನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. ಜರ್ಮನ್ನಿನ ‘ಡು’, ಫ್ರೆಂಚಿನ ‘ತ್ಯು’ ನಮ್ಮ ‘ನೀನು’. ಜರ್ಮನ್ನಿನ ‘ಝೀ’, ಫ್ರೆಂಚಿನ ‘ವು’ ನಮ್ಮ ‘ನೀವು’. ಒಬ್ಬರೇ ಇದ್ದರೂ ಗೌರವಕ್ಕಾಗಿ ಕ್ರಿಯಾಪದವನ್ನು ಬಹುವಚನದಲ್ಲಿ ಬಳಸುವುದು ನಮಗೆ ಹುಟ್ಟಿನಿಂದ ಬಂದದ್ದು. ಹೀಗಿದ್ದೂ ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನ ‘ಯು’ ಒಂದನ್ನೇ ಹಿಡಿದುಕೊಂಡು ತಡವರಿಸುವುದನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಈ ಭೇದ ಚೆನ್ನಾಗಿ ಗೊತ್ತಿತ್ತು. 1603ರ ನವೆಂಬರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಲಂಡನ್ನಿನಲ್ಲಿ ಪ್ಲೇಗ್ ಹಬ್ಬಿದ್ದುದರಿಂದ ನ್ಯಾಯಾಲಯ ವಿಂಚೆಸ್ಟರಿನಲ್ಲಿ ಸೇರಿತ್ತು. ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಮೆರೆದಿದ್ದ ಆ ಮನುಷ್ಯ ಈಗ ಆರೋಪಿಯಾಗಿ ನಿಂತಿದ್ದ. ಸರ್ಕಾರದ ಪರವಾಗಿ ವಾದಿಸುತ್ತಿದ್ದ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಸಿಟ್ಟಿನ ಭರದಲ್ಲಿ, ತುಂಬಿದ ಸಭೆಯ ಮುಂದೆ, ‘ದೌ’ ಎಂಬ ಏಕವಚನಕ್ಕಿಳಿದ. ಇಳಿದದ್ದಷ್ಟೇ ಅಲ್ಲ, ‘ದ್ರೋಹಿ, ನಿನ್ನನ್ನು ನಾನು ದೌ ಎಂದೇ ಕರೆಯುತ್ತೇನೆ’ ಎಂದು ಸಾರಿ ಹೇಳಿದ. ‘ಏಕವಚನದಲ್ಲಿ ಮಾತನಾಡಿಸಿದ’ ಎಂದು ಊರ ಪಂಚಾಯಿತಿಯಲ್ಲಿ ದೂರು ಕೇಳಿರುವ ಕನ್ನಡಿಗರಿಗೆ ಆ ಮಾತಿನ ಪೆಟ್ಟನ್ನು ಯಾರೂ ವಿವರಿಸಬೇಕಾಗಿಲ್ಲ. ಮುಂದೆ ಇಂಗ್ಲಿಷಿನ ದಿನಬಳಕೆಯಿಂದ ಅಳಿದುಹೋದದ್ದು ‘ನೀನು’. ಉಳಿದ ‘ಯು’ ಮೂಲತಃ ‘ನೀವು’. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಕನ್ನಡದಿಂದ ಹೊರಡಿ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ನಮ್ಮ ಅನೇಕ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ಜರ್ಮನ್ ಮನೆಯಲ್ಲಿ ಇಬ್ಬರಿಗೂ ‘ಡು’. ಜರ್ಮನಿಯಲ್ಲಿ ಗಂಡಸರಿಗೆ ಹೇಳುವ ‘ಹೆರ್’, ಹೆಂಗಸರಿಗೆ ಹೇಳುವ ‘ಫ್ರೌ’ಗಳ ಜೊತೆಗೆ ಮನೆತನದ ಹೆಸರು ಸೇರಿಸಬೇಕು, ಫ್ರಾನ್ಸಿನ ಅಂಗಡಿಯಲ್ಲಿ ಹೆಸರಿಲ್ಲದೆ ‘ಬೊಂಜೂರ್ ಮದಾಮ್’ ಎಂದರೆ ಸಾಕು. ಅವಿವಾಹಿತೆಯರಿಗೆ ಹೇಳುತ್ತಿದ್ದ ‘ಫ್ರಾಯ್ಲೈನ್’ ಪದವನ್ನು ಪಶ್ಚಿಮ ಜರ್ಮನಿಯ ಸರ್ಕಾರಿ ಕಚೇರಿಗಳು 1972ರಲ್ಲಿ ಕೈಬಿಟ್ಟವು. ಫ್ರಾನ್ಸಿನ ಸರ್ಕಾರಿ ಅರ್ಜಿಗಳಿಂದ ಅದೇ ಅರ್ಥದ ‘ಮದ್‌ಮ್ವಾಜೆಲ್’ ಪದವನ್ನು ತೆಗೆಯಲು ಸುತ್ತೋಲೆ ಹೊರಟದ್ದು 2012ರಲ್ಲಿ. ಜರ್ಮನಿಯಲ್ಲಿ ಸಹಪಾಠಿಗಳ ನಡುವೆ ಮೊದಲ ದಿನದಿಂದಲೇ ‘ಡು’ ನಡೆಯುತ್ತದೆ. ಹಿರಿಯರೊಡನೆ ಮಾತ್ರ, ‘ಡು ಎನ್ನೋಣ’ ಎಂದು ಅವರಾಗಿಯೇ ಹೇಳುವವರೆಗೆ ‘ಝೀ’ಯಲ್ಲೇ ಮಾತನಾಡಿ. ನಮಸ್ಕಾರ.