ಡಬ್ಬಿಯ ಬೀಗದ ಕೈ

(ಉಡುಪಿಯಲ್ಲಿ ಹೈಸ್ಕೂಲು ಮಕ್ಕಳ ಹೆತ್ತವರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ನಾನು ಭಾಷಣಗಾರ ಅಲ್ಲ ಮಾರಾಯ್ರೇ. 22 ವರ್ಷ ಪಿಗ್ಮಿ ಕಲೆಕ್ಟರ್, ಅಂದರೆ ಮನೆಮನೆಗೆ ಹೋಗಿ ದಿನದ ಉಳಿತಾಯದ ದುಡ್ಡು ಸಂಗ್ರಹಿಸುವವನು ಆಗಿದ್ದೆ. ಹಾಗಾಗಿ ಇಲ್ಲೂ ದುಡ್ಡಿನ ಮಾತೇ ಆಡುತ್ತೇನೆ.

ಪಿಗ್ಮಿ ಹುಟ್ಟಿದ್ದು ನಮ್ಮ ಊರಲ್ಲೇ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ 2 ಆಣೆ, ಮನೆಬಾಗಿಲಿಗೇ ಬಂದು ತಗೊಂಡು ಹೋಗುವುದು. ಸಣ್ಣ ಮೊತ್ತವೇ ಅದರ ಗುಟ್ಟು ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡದ್ದು ಬೇರೆ. ದುಡ್ಡು ಕಟ್ಟಿದವರ ಹತ್ತಿರ ಒಂದು ಪುಸ್ತಕ ಇರುತ್ತದೆ. ಮೀನು ಮಾರುವ ಅಕ್ಕನೂ ಅದನ್ನು ತೋರಿಸಿ ನನ್ನ ಹತ್ತಿರ ಲೆಕ್ಕ ಕೇಳುತ್ತಿದ್ದರು.

ಮಕ್ಕಳಿಗೆ ಆ ಪುಸ್ತಕ ಕೊಟ್ಟಿದ್ದೇವಾ? ಊರಿನ ಕೆಲಸ ಅಂದ ಕೂಡಲೇ ಪೊರಕೆ ಕೊಡುತ್ತೇವೆ, ಟೀ ಶರ್ಟು ಕೊಡುತ್ತೇವೆ, ಫೋಟೊ ತೆಗೆಯುತ್ತೇವೆ. ಅಷ್ಟೇ.

ನಮ್ಮ ಬಸ್ ಸ್ಟಾಪಿನ ಕಥೆ ಕೇಳಿ. ಮಾಡಿನ (ಚಾವಣಿಯ) ಶೀಟು ಒಡೆದಿತ್ತು, ಮಳೆಗಾಲದಲ್ಲಿ ಒಳಗೂ ಕೊಡೆ ಬಿಡಿಸಬೇಕು. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಅದನ್ನು ಸರಿ ಮಾಡಿಸಲು ಕೃಷ್ಣಾಷ್ಟಮಿಗೆ ಮರಿಹುಲಿ ವೇಷ ಹಾಕಿ, ಕುಣಿದು ದುಡ್ಡು ಸೇರಿಸಿದರು. ನಮ್ಮಲ್ಲಿ ಇದೇನು ಹೊಸತಲ್ಲ. ಕಟಪಾಡಿಯ ರವಿಯವರು ಅಷ್ಟಮಿ ವೇಷದ ದುಡ್ಡನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟದ್ದು ನಿಮಗೆಲ್ಲ ಗೊತ್ತು. ನಮ್ಮ ಮಕ್ಕಳಿಗೆ ಸಿಕ್ಕಿದ್ದು 16,430 ರೂಪಾಯಿ. ತಾಸೆ ವಾದ್ಯ ಬಡಿಯುವವರಿಗೆ 5,000, ಬಣ್ಣಕ್ಕೆ 3,500, ಊಟ ತಿಂಡಿಗೆ 1,270. ಉಳಿದದ್ದು 6,660. ವೇಷದಲ್ಲಿ ಕುಣಿತಕ್ಕಿಂತ ಖರ್ಚು ಜಾಸ್ತಿ ಅಂತ ಅವರಿಗೆ ಅವತ್ತೇ ಗೊತ್ತಾಯಿತು.

ಆಮೇಲೆ ನಾವು ಹಿರಿಯರು ಹೋದೆವು. "ನೀವು ಸಣ್ಣವರು, ದುಡ್ಡು ಇಲ್ಲಿ ಕೊಡಿ" ಅಂದೆವು. ಆ ಹಿರಿಯರಲ್ಲಿ ನಾನೂ ಒಬ್ಬ. ನಾವು ಮಾಡಿದ ಮೊದಲ ಖರ್ಚು ಏನು ಗೊತ್ತುಂಟಾ? ಅತಿಥಿಗಳ ಫೋಟೊ ಇರುವ ಫ್ಲೆಕ್ಸು. ಲೆಕ್ಕ ಬರೆಯುತ್ತಿದ್ದ ಹುಡುಗಿ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಳು: "ಫ್ಲೆಕ್ಸ್, 1,800. ಯಾರು ಹೇಳಿದ್ದು?" ಅದನ್ನು ಓದಿ ನನಗೆ ಕಣ್ಣೆತ್ತಿ ನೋಡಲಾಗಲಿಲ್ಲ.

ಮರುವರ್ಷ ದುಡ್ಡಿನ ಡಬ್ಬಿಯ ಬೀಗದ ಕೈ ಅವರೇ ಇಟ್ಟುಕೊಂಡರು. 10 ವರ್ಷ ದಾಟಿದ ಮಕ್ಕಳು ತಮ್ಮದೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಅಂತ ರಿಸರ್ವ್ ಬ್ಯಾಂಕೇ 2014ರಲ್ಲಿ ಹೇಳಿದೆ. ಕರಾರಿಗೆ ಸಹಿ ಹಾಕಲು ಮಾತ್ರ 18 ಆಗಬೇಕು. ಅಲ್ಲಿ ಒಬ್ಬರು ದೊಡ್ಡವರು ಜೊತೆಗೆ ನಿಂತರೆ ಸಾಕು, ಎದುರಿಗೆ ನಿಲ್ಲುವುದು ಬೇಡ.

ತಪ್ಪು ಮಾಡಲಿಲ್ಲವಾ? ಮಾಡಿದರು. ಕಡಿಮೆ ರೇಟಿಗೆ ಸಿಕ್ಕಿತು ಅಂತ ತೆಳು ಶೀಟು ತಂದರು, ಮೊದಲ ಗಾಳಿಗೇ ಹಾರಿತು. ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅವರು ಆ ಬಿಲ್ಲನ್ನೇ ಹಿಡಿದುಕೊಂಡು, ಪಂಚಾಯತಿ ನಡೆಸುವ ಮಕ್ಕಳ ಗ್ರಾಮಸಭೆಗೆ ಹೋದರು. ಇದೂ ನಮ್ಮ ಜಿಲ್ಲೆಗೆ ಹಳೇ ಪರಿಚಯ. ಕುಂದಾಪುರ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ನಡೆದಿದೆ. ಸಭೆಯಲ್ಲಿ ಸುಮ್ನೆ "ಮಾಡು ಸರಿ ಮಾಡಿ ಕೊಡಿ" ಅನ್ನಲಿಲ್ಲ. ಇಷ್ಟು ಹಾಕಿದೆವು, ಇಲ್ಲಿ ಹಾಳಾಯಿತು, ಬೆಂಚು ನಾವು ಮಾಡಿಸುತ್ತೇವೆ, ಮಾಡು ನೀವು ಮಾಡಿಸಿ ಅಂದರು. ಲೆಕ್ಕ ಇಟ್ಟವರ ಎದುರು ಇಲ್ಲ ಅನ್ನುವುದು ಕಷ್ಟ ಅಲ್ವಾ? ಮಳೆಗೆ ಮೊದಲೇ ಮಾಡು ಬಂತು.

ಬೆಂಚೂ ಬಂತು. ಆದರೆ ಅಳತೆ ತಮ್ಮ ಕಾಲಿಗೇ ತಗೊಂಡಿದ್ದರು. ಅಜ್ಜಿಯಂದಿರು ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ.

ಆ ನೋಟ್‌ಬುಕ್ಕನ್ನು ಕೇಳಿ ತಂದಿದ್ದೇನೆ, ಸಂಜೆ ವಾಪಸ್ ಕೊಡಬೇಕು. ಕೊನೆಯ ಸಾಲು ಓದುತ್ತೇನೆ: "ಬೆಂಚಿನ ಕಾಲು 2 ಇಂಚು ಕತ್ತರಿಸಲು ವೆಲ್ಡಿಂಗಿನವರು 300 ಹೇಳಿದ್ದಾರೆ. 200ಕ್ಕೆ ಕೇಳಿ ನೋಡಬೇಕು."