ಸಂಕದ ಮೇಲಿರುವವರು ದಾಟುವವರೆಗೆ

ಕೇಳುಗರಿಗೆ ನಮಸ್ಕಾರ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಹಲವು ಪ್ರೊಸೆಸರ್‌ಗಳು ಒಂದೇ ಪಟ್ಟಿಯನ್ನು ಏಕಕಾಲಕ್ಕೆ ಬಳಸುವಾಗ ಎಂತಹ ಕಾವಲು ಹಾಕಬೇಕೆಂಬುದು ಇಂದಿನ ವಿಷಯ.

ಕರ್ನೆಲ್‌ನ ಪಟ್ಟಿಯೆಂದರೆ ಕೊಂಡಿಗಳ ಸರಪಳಿ. ಒಂದು ಕೊಂಡಿಯನ್ನು ಕಳಚಬೇಕಾದರೆ ಅದರ ಅಕ್ಕಪಕ್ಕದ ಎರಡು ಕೊಂಡಿಗಳಲ್ಲಿರುವ ವಿಳಾಸಗಳನ್ನು ತಿದ್ದಬೇಕು; ಒಂದನ್ನು ತಿದ್ದಿ ಇನ್ನೊಂದನ್ನು ತಿದ್ದುವಷ್ಟರಲ್ಲಿ ಮತ್ತೊಂದು ಪ್ರೊಸೆಸರ್ ಅಲ್ಲಿಗೆ ಕೈಹಾಕಿದರೆ ಸರಪಳಿಯೇ ಕೆಡುತ್ತದೆ.

ಆಗುಂಬೆ ಕಡೆಯ ಮಳೆಯನ್ನು ಅಳೆಯಲು ನಾನೊಂದು ಮಳೆಮಾಪಕಕ್ಕೆ ಡ್ರೈವರ್, ಅಂದರೆ ಕರ್ನೆಲ್ ಆ ಸಾಧನದೊಡನೆ ಮಾತಾಡಲು ಬೇಕಾದ ಕೋಡ್, ಬರೆದಿದ್ದೆ. ಅದರೊಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ, ಪ್ರೊಸೆಸರ್‌ನ ಕೆಲಸವನ್ನು ತಡೆದು ಗಮನ ಸೆಳೆಯುವ ಇಂಟರಪ್ಟ್ ಎಂಬ ಸಂಕೇತ ಬಂದು ಪಟ್ಟಿಗೆ ಒಂದು ಕೊಂಡಿ ಸೇರುತ್ತಿತ್ತು. ಒಂದು ಥ್ರೆಡ್, ಅಂದರೆ ತನ್ನಷ್ಟಕ್ಕೆ ಓಡುವ ಕೆಲಸದ ಎಳೆ, ಪಟ್ಟಿಯನ್ನು ಓದುತ್ತಿತ್ತು, ಇನ್ನೊಂದು ಹಳೆಯದನ್ನು ಅಳಿಸುತ್ತಿತ್ತು. ಪಟ್ಟಿಯಲ್ಲಿ ಒಂದೊಂದೇ ಕೊಂಡಿಯಾಗಿ ಸಾಗಲು ಕರ್ನೆಲ್ ಕೊಡುವ ‘ಲಿಸ್ಟ್ ಫಾರ್ ಈಚ್ ಎಂಟ್ರಿ ಸೇಫ್’ ಎಂಬ ಸಲಕರಣೆಯ ಹೆಸರಿನ ಕೊನೆಯ ಪದವನ್ನು ನಂಬಿ, ಒಮ್ಮೆಗೆ ಒಬ್ಬರನ್ನಷ್ಟೇ ಒಳಬಿಡುವ ಬೀಗವನ್ನೇ ನಾನು ಹಾಕಿರಲಿಲ್ಲ. ಪಟ್ಟಿಯಲ್ಲಿ ಸಾಗುತ್ತಿರುವವನೇ ತನ್ನ ಕೈಯಲ್ಲಿರುವ ಕೊಂಡಿಯನ್ನು ಕಳಚಿದರೂ ಮುಂದಿನ ಹೆಜ್ಜೆ ತಪ್ಪದು ಎಂಬುದಷ್ಟೇ ಅದು ಕೊಡುವ ಭರವಸೆ. ಆ ಮುಂದಿನ ಕೊಂಡಿಯನ್ನೇ ಬೇರೆಯವರು ಕಿತ್ತರೆ ಅದು ಕಾಯುವುದಿಲ್ಲ. ಎರಡು ದಿನ ಚೆನ್ನಾಗಿ ಓಡಿದ ಯಂತ್ರ, ಜೋರು ಮಳೆಯ ಮೂರನೆಯ ರಾತ್ರಿ ನಿಂತುಹೋಯಿತು.

ಮ್ಯೂಟೆಕ್ಸ್ ಎಂಬ ಬೀಗಕ್ಕಾಗಿ ಕಾಯುವವನು ನಿದ್ರೆಗೆ ಜಾರಬಹುದು. ಇಂಟರಪ್ಟ್ ಬಂದಾಗ ಓಡುವ ಕೋಡ್ ಆದ ಇಂಟರಪ್ಟ್ ಹ್ಯಾಂಡ್ಲರ್ ನಿದ್ರಿಸುವಂತಿಲ್ಲವಾದ್ದರಿಂದ ಅಲ್ಲಿ, ಎಚ್ಚರವಿದ್ದೇ ಸುತ್ತುತ್ತಾ ಕಾಯಿಸುವ ಬೀಗವಾದ ಸ್ಪಿನ್‌ಲಾಕ್ ಬೇಕು. ಅದೂ ಸಾಲದು: ಥ್ರೆಡ್ ಬೀಗ ಹಿಡಿದಿರುವಾಗ ಅದೇ ಪ್ರೊಸೆಸರ್‌ನಲ್ಲಿ ಇಂಟರಪ್ಟ್ ಬಂದರೆ, ಹ್ಯಾಂಡ್ಲರ್ ಆ ಬೀಗಕ್ಕಾಗಿ ಕಾಯುತ್ತದೆ, ಬೀಗ ಬಿಡಬೇಕಾದ ಥ್ರೆಡ್ ಹ್ಯಾಂಡ್ಲರ್ ಮುಗಿಯಲೆಂದು ಕಾಯುತ್ತದೆ, ಎರಡೂ ಮುಂದೆ ಸಾಗುವುದಿಲ್ಲ. ಹಾಗಾಗಿ ಥ್ರೆಡ್ ಬೀಗ ಹಿಡಿಯುವಾಗಲೇ ತನ್ನ ಪ್ರೊಸೆಸರ್‌ನ ಇಂಟರಪ್ಟ್‌ಗಳನ್ನು ತಡೆಯಬೇಕು.

ಓದುವವರು ಬಹಳ, ಬದಲಿಸುವವರು ವಿರಳ ಎಂದಾದರೆ ಆರ್‌ಸಿಯು, ಅಂದರೆ ‘ರೀಡ್ ಕಾಪಿ ಅಪ್‌ಡೇಟ್’ ಎಂಬ ವಿಧಾನವಿದೆ. 2002ರಲ್ಲಿ ಲಿನಕ್ಸ್‌ಗೆ ಸೇರಿದ ಇದನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಮಳೆಗಾಲಕ್ಕೆ ಮುನ್ನ ನಮ್ಮ ಹಳ್ಳಕ್ಕೆ ಹೊಸ ಸಂಕ ಹಾಕುವಾಗ, ಹಳೆಯದರ ಪಕ್ಕದಲ್ಲೇ ಅಡಿಕೆ ಮರಗಳನ್ನು ಹಾಸಿ, ದಾರಿಯನ್ನು ಹೊಸದರ ಕಡೆಗೆ ತಿರುಗಿಸಿ, ಹಳೆಯ ಸಂಕದ ಮೇಲಿರುವವರು ದಾಟಿದ ಮೇಲಷ್ಟೇ ಅದನ್ನು ಕೀಳುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಹಳೆಯ ಕೊಂಡಿಯನ್ನು ಪಟ್ಟಿಯಿಂದ ಬಿಡಿಸಿದರೂ, ಆಗಲೇ ಓದುತ್ತಿದ್ದವರೆಲ್ಲ ಮುಗಿಸುವವರೆಗೆ ಅದರ ಮೆಮೊರಿಯನ್ನು ಬಿಟ್ಟುಕೊಡುವಂತಿಲ್ಲ. ಓದುವವರಿಗೆ ಬೀಗ ಬೇಡ; ಬದಲಿಸುವವರ ನಡುವೆ ಮಾತ್ರ ಅದು ಬೇಕೇಬೇಕು.

ನನ್ನ ಪಟ್ಟಿಯಾದರೋ ಬಟ್ಟಲು ಮಗುಚಿದಾಗಲೆಲ್ಲ ಬದಲಾಗುವಂಥದ್ದು. ಅದಕ್ಕೆ ಇಂಟರಪ್ಟ್ ತಡೆಯುವ ಸ್ಪಿನ್‌ಲಾಕನ್ನೇ ಹಾಕಿದೆ; ಬೀಗಗಳ ತಪ್ಪನ್ನು ಹಿಡಿದುಕೊಡುವ ಲಾಕ್‌ಡೆಪ್ ಅನ್ನು ಚಾಲೂ ಮಾಡಿ, ಬಟ್ಟಲಿಗೆ ಚೊಂಬಿನಿಂದ ನೀರು ಸುರಿಯುತ್ತಾ ಇಡೀ ಮಧ್ಯಾಹ್ನ ಪರೀಕ್ಷಿಸಿದೆ.